ಓದಿದ್ದಕ್ಕೆ ರಸೀತಿ

ಅವರು ತೀರಿಕೊಂಡ ಸುದ್ದಿ ನನಗೆ ಇ-ಮೇಲ್‌ನಲ್ಲಿ ಬಂತು. ಕಳಿಸಿದ್ದು ಪಕ್ಕದ ಕೋಣೆಯವರು. ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳಿಸುತ್ತದೆ, ಆದರೆ ಸುದ್ದಿ ಮಾತ್ರ ಕಂಪ್ಯೂಟರಿನ ಮೂಲಕವೇ ಬರಬೇಕು. ನಮ್ಮ ಸಂಸ್ಥೆಯಲ್ಲಿ ಟಪಾಲು ಗುಮಾಸ್ತೆಯಾಗಿದ್ದವರು ಹೆಬ್ಬೂರಿನ ತಮ್ಮ ಮನೆಯಲ್ಲಿ ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇವೆ ಎಂದು ಎರಡು ಸಾಲು. ನಾನು ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಪರದೆಯ ನಡುವೆ ಒಂದು ಚೌಕ ಎದ್ದು ನಿಂತಿತು. ಈ ಪತ್ರವನ್ನು ನೀವು ಓದಿದ್ದೀರೆಂಬುದಕ್ಕೆ ಕಳಿಸಿದವರು ರಸೀತಿ ಕೇಳಿದ್ದಾರೆ, ಕಳಿಸಬಹುದೇ? ಕೆಳಗೆ ಎಸ್ ಮತ್ತು ನೋ ಎಂದು ಎರಡು ಗುಂಡಿ. ಕಚೇರಿಯಿಂದ ಹೊರಡುವ ಪ್ರತಿಯೊಂದು ಮೇಲ್‌ಗೂ ಹೀಗೆ ರಸೀತಿ ಕೇಳುವ ಏರ್ಪಾಡು ಮಾಡಿಟ್ಟವನು ನಾನೇ. ಇನ್ನು ಯಾರನ್ನು ಬೈಯಲಿ? ನೋ ಒತ್ತಿ, ಕಂಪ್ಯೂಟರ್ ಆರಿಸಿ, ಹೆಬ್ಬೂರಿನ ಬಸ್ಸು ಹಿಡಿದೆ. ನಾನು ಹೋಗಿ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಚೇರಿಯಲ್ಲಿ ಯಾರೂ ಆ ಹೆಸರಿನಿಂದ ಕರೆಯುತ್ತಲೂ ಇರಲಿಲ್ಲ. ಮಿಕ್ಕವರಿಗೆಲ್ಲ ಅವರು ಟಪಾಲು ಮೇಡಂ, ನನಗೆ ಅಕ್ಕ. ನಮ್ಮದು ಒಂದು ಖಾಸಗಿ ವಿದ್ಯಾಸಂಸ್ಥೆ. ಆಡಳಿತ ಕಚೇರಿ ತುಮಕೂರಿನಲ್ಲಿ, ಹೈಸ್ಕೂಲು ಗುಬ್ಬಿಯಲ್ಲಿ, ಪಿಯು ಕಾಲೇಜು ಕುಣಿಗಲ್‌ನಲ್ಲಿ, ಹಾಸ್ಟೆಲ್ಲು ಕ್ಯಾತ್ಸಂದ್ರದಲ್ಲಿ, ಹೀಗೆ ಜಿಲ್ಲೆಯ ತುಂಬ ಚೆಲ್ಲಿಕೊಂಡಿತ್ತು. ಇಲ್ಲಿಂದ ಅಲ್ಲಿಗೆ ಹೋಗುವ, ಅಲ್ಲಿಂದ ಇಲ್ಲಿಗೆ ಬರುವ ಒಂದೊಂದು ಕಾಗದವೂ ಅಕ್ಕನ ಮೇಜು ದಾಟಿಯೇ ಹೋಗಬೇಕಿತ್ತು. ಅವರು ಅದಕ್ಕೆ ನಂಬರು ಹಾಕಿ, ವಿಷಯ ಏನೆಂದು ರಿಜಿಸ್ಟರಿನಲ್ಲಿ ಬರೆದು, ಕೆಲವನ್ನು ಅಂಚೆಗೆ ಹಾಕುವರು, ತುರ್ತಿನದಾದರೆ ತಾವೇ ಬಸ್ಸು ಹತ್ತಿ ಕೊಟ್ಟು ಬರುವರು. ಕುಳ್ಳನೆಯ ಆಳು, ಹತ್ತಿಯ ಸೀರೆ, ಕೈಯಲ್ಲಿ ಸದಾ ಮೈದಾ ಹಿಟ್ಟಿನ ಗೋಂದಿನ ವಾಸನೆ.

ನಾನು ಅವರನ್ನು ಮೊದಲು ನೋಡಿದ್ದು ತೊಂಬತ್ತರ ದಶಕದ ನಡುವಿನಲ್ಲಿ, ನನ್ನ ನೇಮಕದ ಆದೇಶ ಇಸಿದುಕೊಳ್ಳಲು ಹೋದಾಗ. ಕವರು ಕೈಗೆ ಕೊಟ್ಟರು. ನಾನು ಒಡೆದು ನೋಡಿ, ಸಂತೋಷದಿಂದ ಸಹಿ ಹಾಕಲು ಪೆನ್ನು ಕೇಳಿದೆ. ಪೆನ್ನು ಕೊಡಲಿಲ್ಲ.

"ಏನ್ ಬರ್ದವ್ರೆ?" ಎಂದರು.

"ಕೆಲಸಕ್ಕೆ ತಗೊಂಡಿದಾರೆ ಮೇಡಂ."

"ಅದು ಸರಿ. ಯಾವತ್ತಿಂದ ಅಂತ ಬರ್ದವ್ರೆ?"

"ಸೋಮವಾರದಿಂದ."

"ಎಲ್ಲೈತೆ ಸೋಮವಾರ? ತೋರ್ಸು."

ಸೋಮವಾರ ಎಲ್ಲಿಯೂ ಇರಲಿಲ್ಲ. ಅದು ನನ್ನ ತಲೆಯಲ್ಲಿತ್ತು, ಅಷ್ಟೆ. ಕಾಗದದಲ್ಲಿ ಇದ್ದದ್ದು, ಈ ದಿನವೇ ಮಧ್ಯಾಹ್ನ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಆದೇಶ ತಂತಾನೇ ರದ್ದಾಗುವುದು ಎಂದು. ನಾನು ನಾಲ್ಕು ದಿನ ಮೈಸೂರಿಗೆ ಹೋಗಿ ಬರುವ ಯೋಜನೆ ಹಾಕಿಕೊಂಡಿದ್ದೆ. ಅಕ್ಕ ಆಗ ಪೆನ್ನು ಕೊಟ್ಟು, "ಊಟ ಮಾಡ್ಕೊಂಡ್ ಬಂದು ಕೂತ್ಕೋ ಹೋಗು," ಎಂದರು. ಕೆಲಸ ಉಳಿಯಿತು.

ಇದೇ ಅವರ ಪದ್ಧತಿ. ಟಪಾಲು ತಲುಪಿತು ಎನ್ನುವುದಕ್ಕೆ ಬೇರೆಯವರಿಗೆ ಸಹಿ ಸಾಕು, ಅವರಿಗೆ ಸಾಲದು. ಇಸಿದುಕೊಂಡವರು ಒಳಗೆ ಏನಿದೆ ಎಂದು ಬಾಯಿ ಬಿಟ್ಟು ಹೇಳಬೇಕು, ಆಮೇಲೆ ಸಹಿ. ಓರಗೆಯವರನ್ನು ಹೀಗೆ ನೇರವಾಗಿ ಕೇಳಬಹುದು. ದೊಡ್ಡವರನ್ನು ಕೇಳುವುದು ಹೇಗೆ? ಅದಕ್ಕೂ ಒಂದು ದಾರಿ ಮಾಡಿಕೊಂಡಿದ್ದರು. ಪ್ರಿನ್ಸಿಪಾಲರ ಮುಂದೆ ಕೈಕಟ್ಟಿ ನಿಂತು, "ಸಾರ್, ನಂಗೆ ಇಂಗ್ಲಿಷ್ ಅಷ್ಟಾಗಿ ತಿಳಿಯಕಿಲ್ಲ, ವಿಷ್ಯ ಏನು ಅಂತ ಒಂದ್ ಮಾತು ಹೇಳಿದ್ರೆ ರಿಜಿಸ್ಟರ್ನಾಗೆ ಬರ್ಕೋತೀನಿ," ಎನ್ನುವರು. ಪಾಪ, ಓದಿಲ್ಲದ ಹೆಂಗಸು ಎಂದು ಅವರು ಕಾಗದ ಬಿಡಿಸಿ ಸಾಲು ಸಾಲಾಗಿ ಓದಿ ಕನ್ನಡದಲ್ಲಿ ವಿವರಿಸುವರು. ಅಕ್ಕ ಬಿ.ಎ. ಪಾಸು ಮಾಡಿದ್ದರು. ಆ ಇಂಗ್ಲಿಷ್ ಪತ್ರಗಳಲ್ಲಿ ಅರ್ಧವನ್ನು ಟೈಪು ಮಾಡಿದವರೂ ಅವರೇ.

ಗುಬ್ಬಿಯ ಹೈಸ್ಕೂಲಿನ ಹಳೆಯ ಹೆಡ್‌ಮಾಸ್ಟರು ಮಾತ್ರ ಈ ಬಲೆಗೆ ಬೀಳುತ್ತಿರಲಿಲ್ಲ. ಅವರದು ದೊಡ್ಡ ಸಹಿ, ಅರ್ಧ ಪುಟ ಆಗುವಂಥದ್ದು. ಸಹಿ ಹಾಕಿ ಕಾಗದವನ್ನು ಡ್ರಾಯರಿಗೆ ತಳ್ಳಿ, "ಆಯ್ತು, ಹೋಗಮ್ಮ," ಎನ್ನುವರು. ಒಂದು ಸಲ ಅಕ್ಕ ಕದಲಲಿಲ್ಲ. ನಾನೂ ಅವತ್ತು ಯಾವುದೋ ಕೆಲಸಕ್ಕೆ ಜೊತೆಯಲ್ಲಿ ಹೋಗಿದ್ದೆ. "ಇನ್ನೇನಮ್ಮ?" "ವಿಷ್ಯ ಸಾರ್." "ವಿಷಯ ಇಲ್ಲ ಏನಿಲ್ಲ, ನಿಮ್ಮ ಆಫೀಸಿಂದ ಇನ್ನೇನ್ ಬರುತ್ತೆ, ಅದು ಮಾಡಿಲ್ಲ ಇದು ಮಾಡಿಲ್ಲ ಅಂತ ತಾನೆ?" "ಒಂದ್ ಸಲ ನೋಡ್ಬುಡಿ ಸಾರ್, ಬಸ್ ಬರೋಗಂಟ ಕೂತಿರ್ತೀನಿ." ಹೆಡ್‌ಮಾಸ್ಟರು ಗೊಣಗುತ್ತ ಡ್ರಾಯರು ಎಳೆದರು. ಅದು, ಕಾಶಿಗೆ ಹೋಗಲು ಅವರು ವರ್ಷದಿಂದ ಕೇಳುತ್ತಿದ್ದ ರಜೆ ಮಂಜೂರಾದ ಪತ್ರ. ಮಾರನೆಯ ದಿನದಿಂದಲೇ ರಜೆ. ಆ ಮನುಷ್ಯ ಎದ್ದು ನಿಂತು, ಏನು ಮಾಡಬೇಕೆಂದು ತೋಚದೆ, ನಮಗಿಬ್ಬರಿಗೂ ಕಾಫಿ ತರಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕ್ಯಾತ್ಸಂದ್ರದ ಕಡೆಯ ಬೆಟ್ಟ ಕಾಣುವವರೆಗೂ ನಕ್ಕರು.

ಇನ್ನೊಂದು ಸಲ ಅವರಿಗೆ ಕೀಟಲೆ ಹತ್ತಿತು. ಎಲ್ಲ ಶಾಲೆಗಳಿಗೂ ಹೋಗುವ ಒಂದು ಉದ್ದನೆಯ ಸುತ್ತೋಲೆಯ ಕೊನೆಯಲ್ಲಿ, ಸಂಸ್ಥೆಯ ಕಾರ್ಯದರ್ಶಿಗಳ ಒಪ್ಪಿಗೆ ಪಡೆದೇ, ಒಂದು ಸಾಲು ಸೇರಿಸಿ ಟೈಪು ಮಾಡಿದರು: ಈ ಸಾಲನ್ನು ಓದಿದವರು ಟಪಾಲು ವಿಭಾಗಕ್ಕೆ ಬಂದು ಒಂದು ಬಾಳೆಹಣ್ಣು ತೆಗೆದುಕೊಂಡು ಹೋಗತಕ್ಕದ್ದು. ಕಾರ್ಯದರ್ಶಿಗಳು ಒಪ್ಪಿಗೆ ಕೊಟ್ಟದ್ದೂ ಓದದೆಯೇ ಎಂದು ಬೇರೆ ಹೇಳಬೇಕಿಲ್ಲ. ಹೆಬ್ಬೂರಿನ ತೋಟದಿಂದ ಅಕ್ಕ ಒಂದು ಚಿಪ್ಪು ಏಲಕ್ಕಿ ಬಾಳೆ ತಂದು ಮೇಜಿನ ಮೇಲಿಟ್ಟರು. ಎಲ್ಲ ಶಾಲೆಗಳಿಂದಲೂ 'ಓದಿ ಮನನ ಮಾಡಿಕೊಳ್ಳಲಾಗಿದೆ' ಎಂಬ ಸಹಿ ಬಂತು. ಬಾಳೆಹಣ್ಣಿಗೆ ಬಂದವರು ಒಬ್ಬರೇ, ಹಾಡು ಹೇಳಿಕೊಡುವ ಮೇಷ್ಟ್ರು. ಉಳಿದ ಹಣ್ಣನ್ನು ನಾನೂ ಅಕ್ಕನೂ ವಾರವೆಲ್ಲ ತಿಂದೆವು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಹೊಸ ಶತಮಾನ ಬಂದು ಮೂರ್ನಾಲ್ಕು ವರ್ಷ ಕಳೆದಿತ್ತು. ನಾನು ಸಂಜೆಯ ಹೊತ್ತು ಕಂಪ್ಯೂಟರ್ ಕೋರ್ಸು ಮಾಡಿಕೊಂಡು, ಕಚೇರಿಯಲ್ಲಿ ಆ ವಿದ್ಯೆ ಬಲ್ಲವನು ನಾನೊಬ್ಬನೇ ಎಂಬ ಜಂಭದಲ್ಲಿದ್ದೆ. ಎಲ್ಲ ಶಾಲೆಗಳಿಗೂ ಒಂದೊಂದು ಕಂಪ್ಯೂಟರು, ಟೆಲಿಫೋನ್ ತಂತಿಯ ಮೇಲೆ ನಡೆಯುವ ಇಂಟರ್‌ನೆಟ್ಟು, ಒಂದೊಂದು ಇ-ಮೇಲ್ ವಿಳಾಸ, ಎಲ್ಲ ನನ್ನ ಕೈಯಿಂದಲೇ ಆದದ್ದು. ಆಡಳಿತ ಮಂಡಳಿಯವರು ಕೇಳಿದ ಪ್ರಶ್ನೆ ಒಂದೇ: ಕಳಿಸಿದ್ದು ಅವರಿಗೆ ಸೇರಿತೋ ಇಲ್ಲವೋ ಎಂದು ಗೊತ್ತಾಗುವುದು ಹೇಗೆ? ನಾನು ಎದೆಯುಬ್ಬಿಸಿ ಈ ಓದಿದ ರಸೀತಿಯನ್ನು ತೋರಿಸಿದೆ. ಅವರು ಮೇಲ್ ತೆರೆದ ಕೂಡಲೇ ಇಷ್ಟನೇ ತಾರೀಕು, ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಓದಲಾಯಿತು ಎಂದು ನಮಗೆ ತಾನಾಗಿ ಬರುತ್ತದೆ ಸಾರ್, ಯಾರೂ ತಪ್ಪಿಸಿಕೊಳ್ಳುವಂತಿಲ್ಲ ಎಂದೆ. ಮಂಡಳಿಯವರು ಮುಖ ಮುಖ ನೋಡಿಕೊಂಡರು. ಹಾಗಿದ್ದರೆ ಟಪಾಲು ವಿಭಾಗ ಯಾಕೆ ಬೇಕು ಎಂಬ ಮಾತು ಅವತ್ತೇ ಹುಟ್ಟಿತು. ಒಂದು ವರ್ಷ ನೋಡೋಣ, ಆಮೇಲೆ ನೀನೇ ಒಂದು ಟಿಪ್ಪಣಿ ಬರೆದುಕೊಡು ಎಂದರು. ನನ್ನ ಕೆಲಸ ಕಾಯಂ ಆಗುವುದನ್ನೂ ಆ ಟಿಪ್ಪಣಿಯ ಜೊತೆಗೇ ನೋಡುವುದಾಗಿ ಹೇಳಿದರು.

ಅಕ್ಕನಿಗೆ ಇದು ಗೊತ್ತಿತ್ತು. ಆಫೀಸಿನಲ್ಲಿ ಗುಟ್ಟು ಎಲ್ಲಿ ಉಳಿಯುತ್ತದೆ? ಅವರಿಗೆ ನಿವೃತ್ತಿಗೆ ಆರು ವರ್ಷ ಇತ್ತು. ಗಂಡ ಇರಲಿಲ್ಲ, ಮಗಳು ಬಿ.ಎಡ್. ಓದುತ್ತಿದ್ದಳು, ಮೊಣಕಾಲು ಆಗಲೇ ಕಾಟ ಕೊಡುತ್ತಿತ್ತು. "ಇನ್ನಾರು ವರ್ಷ ಈ ಕುರ್ಚಿ ಇದ್ರೆ ಸಾಕು ಕಣೋ. ಆಮೇಲೆ ನಿನ್ ಕಂಪ್ಯೂಟ್ರುನೇ ಇದ್ರ ಮ್ಯಾಲೆ ಕೂರ್ಸು," ಎಂದು ನಗುತ್ತಲೇ ಒಂದು ದಿನ ಹೇಳಿದರು. ನಾನೂ ನಕ್ಕೆ. ಹೆಬ್ಬೂರಿನ ಬಸ್ಸು ಇಳಿದು ಹತ್ತು ಹೆಜ್ಜೆ ಇಟ್ಟರೆ ಅವರಿಗೆ ಕಚೇರಿ, ಗುಬ್ಬಿಗೋ ಕ್ಯಾತ್ಸಂದ್ರಕ್ಕೋ ಹಾಕಿದರೆ ಎರಡೆರಡು ಬಸ್ಸು ಹತ್ತಬೇಕಿತ್ತು.

ಹಾಗೆಂದು ಕಂಪ್ಯೂಟರಿನ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ. ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಕನ್ನಡಕ ಮೂಗಿನ ತುದಿಗಿಳಿಸಿ ನೋಡುತ್ತಿದ್ದರು. ಮೊದಲ ರಸೀತಿ ಬಂದ ದಿನ ನಾನು ಅದನ್ನು ಅವರಿಗೆ ಓದಿ ಹೇಳಿದೆ.

"ಈ ರಸೀತಿ ಯಾರು ಬರೀತಾರೆ?" ಎಂದರು.

"ಯಾರೂ ಬರಿಯಲ್ಲ ಅಕ್ಕ. ಕಂಪ್ಯೂಟರೇ ಕಳ್ಸುತ್ತೆ."

"ಹಂಗಾದ್ರೆ ಕಂಪ್ಯೂಟ್ರು ಓದೈತೆ ಅಂತಾಯ್ತು."

"ಇಲ್ಲ ಅಕ್ಕ, ಅವರು ತೆಗೆದು ನೋಡಿದ್ರೇನೇ ಅದು ಬರೋದು."

"ತೆಗ್ದವ್ರೆ ಅಂತ ಗೊತ್ತಾಯ್ತು. ಓದವ್ರೆ ಅಂತ ಹೆಂಗೆ ಗೊತ್ತಾಯ್ತು?"

"ಅಯ್ಯೋ, ತೆಗೆದ ಮೇಲೆ ಓದದೆ ಏನು ಮಾಡ್ತಾರೆ?"

ಅಕ್ಕ, "ನೀನು ನಿನ್ನ ಆರ್ಡರ್ ತೆಗ್ದಿರ್ಲಿಲ್ವಾ?" ಎಂದು ಎದ್ದು ಹೋದರು. ನನಗೆ ಉರಿದು ಹೋಯಿತು. ಅಷ್ಟು ವರ್ಷದ ಹಿಂದಿನದನ್ನು ಎತ್ತಿ ಆಡುವುದೇ ಎಂದು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರೇ ಚಿತ್ರಾನ್ನದ ಡಬ್ಬಿ ತಂದು ನನ್ನ ಕೀಬೋರ್ಡಿನ ಪಕ್ಕ ಇಟ್ಟರು. ಸಿಟ್ಟು ಎಷ್ಟು ಹೊತ್ತು ಇರುತ್ತದೆ?

ಆ ವರ್ಷದ ಕೊನೆಯಲ್ಲಿ ಕುಣಿಗಲ್‌ನ ಸಂಗತಿ ನಡೆಯಿತು. ಅಲ್ಲಿನ ಕಾಲೇಜಿನಲ್ಲಿ ದ್ವಿತೀಯ ಪಿಯುಸಿಯವರಿಗೆ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ಒಂದು ಗುರುವಾರಕ್ಕೆ ನಿಗದಿಯಾಗಿತ್ತು. ಹೊರಗಿನಿಂದ ಬರುವ ಪರೀಕ್ಷಕರಿಗೆ ಅಂದು ಅನುಕೂಲವಿಲ್ಲವೆಂದೂ, ಪರೀಕ್ಷೆಯನ್ನು ಎರಡು ದಿನ ಮೊದಲೇ, ಮಂಗಳವಾರಕ್ಕೆ ಇಟ್ಟಿದೆಯೆಂದೂ ಅದರ ಹಿಂದಿನ ಶುಕ್ರವಾರ ಬೆಳಿಗ್ಗೆ ನಮ್ಮ ಕಚೇರಿಗೆ ಪತ್ರ ಬಂತು. ಮಕ್ಕಳು ಓದಿಕೊಳ್ಳುವ ರಜೆಯಲ್ಲಿ ಸುತ್ತಲಿನ ಹಳ್ಳಿಗಳಲ್ಲಿದ್ದರು. ಅವರಿಗೆ ತಿಳಿಯದೆ ಹೋದರೆ ಪರೀಕ್ಷೆ ತಪ್ಪಿತು, ಪರೀಕ್ಷೆ ತಪ್ಪಿದರೆ ವರ್ಷವೇ ಹೋಯಿತು. ಕಾರ್ಯದರ್ಶಿಗಳು ತಕ್ಷಣ ಮೇಲ್ ಮಾಡು ಎಂದರು. ಹನ್ನೊಂದಕ್ಕೆ ಮೇಲ್ ಮಾಡಿದೆ. ಹದಿನೈದು ನಿಮಿಷದಲ್ಲಿ ರಸೀತಿ ಬಂತು: ಓದಲಾಗಿದೆ. ಅದನ್ನು ಪ್ರಿಂಟು ತೆಗೆದು ಫೈಲಿಗೆ ಸೇರಿಸಿ, ಟೀ ಕುಡಿಯಲು ಹೋದೆ.

ಅಕ್ಕ ಸುಮ್ಮನಿರಲಿಲ್ಲ. ಕುಣಿಗಲ್‌ಗೆ ಫೋನು ಹಚ್ಚಿದರು, ಎಂಗೇಜು. ಮಧ್ಯಾಹ್ನ ಹಚ್ಚಿದರು, ಎಂಗೇಜು. ಸಂಜೆಯೂ ಎಂಗೇಜು. "ಇಡೀ ದಿನ ಅದ್ಯಾರ ಜೊತೆ ಮಾತಾಡ್ತಾ ಅವ್ರೆ?" ಎಂದರು. "ಇಂಟರ್‌ನೆಟ್ಟು ಆನ್ ಇದ್ರೆ ಫೋನು ಹೋಗಲ್ಲ ಅಕ್ಕ. ನಮ್ಮ ಮೇಲ್ ಓದ್ತಾ ಇರ್ಬೇಕು," ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. ಶನಿವಾರ ಅರ್ಧ ದಿನದ ಕಚೇರಿ. ಅವತ್ತೂ ಎಂಗೇಜು. ಒಂದೂವರೆಗೆ ಚೀಲ ಹೆಗಲಿಗೆ ಹಾಕಿಕೊಂಡು ಊರಿಗೆ ಹೊರಟರು.

ಸೋಮವಾರ ಅಕ್ಕ ತಡವಾಗಿ ಬಂದರು. ನಾನು ಕಂಡಂತೆ ಅವರು ತಡವಾಗಿ ಬಂದದ್ದು ಅದೊಂದೇ ದಿನ. ಕಾಲೆಳೆದುಕೊಂಡು ಬಂದು ಕುರ್ಚಿಯಲ್ಲಿ ಕೂತು, ನೀರು ಕುಡಿದು, ನನ್ನನ್ನು ಕರೆದರು.

"ಕುಣಿಗಲ್‌ಗೆ ಹೋಗಿದ್ದೆ ಕಣೋ."

"ಯಾವಾಗ?"

"ಶನಿವಾರನೇ. ಬಸ್ಸು ಹೆಬ್ಬೂರ್ನಾಗೆ ನಿಲ್ತು. ಇಳಿಯೋಣ ಅಂತ ಎದ್ದೋಳು, ಮನಸ್ಸು ತಡೀದೆ ಮತ್ತೆ ಕೂತ್ಕಂಡೆ."

ಕಾಲೇಜಿನಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲವಂತೆ. ಪ್ರಿನ್ಸಿಪಾಲರು ನೆಂಟರ ಮದುವೆಗೆ ಹೋಗಿದ್ದರು. ಅಕ್ಕ ರಸಾಯನಶಾಸ್ತ್ರದ ಲೆಕ್ಚರರ ಮನೆ ಹುಡುಕಿ, ಅವರ ಕೈಗೆ ಪತ್ರದ ನಕಲು ಕೊಟ್ಟು, ಅವರ ಬಾಯಲ್ಲಿ 'ಮಂಗಳವಾರ' ಎಂದು ಹೇಳಿಸಿ, ಆಮೇಲೆ ಬಿಟ್ಟಿದ್ದರು. ಭಾನುವಾರ ಬೆಳಿಗ್ಗೆ ಮತ್ತೆ ಹೋಗಿ ಇಬ್ಬರೂ ವಿಳಾಸದ ಪಟ್ಟಿ ಹಿಡಿದು ಕೂತರು. ಲೆಕ್ಚರರು ಸ್ಕೂಟರಿನಲ್ಲಿ ಒಂದು ದಿಕ್ಕಿಗೆ ಹೊರಟರು; ಅಕ್ಕ ಬಸ್ಸಿಗೂ ಕಾಯದೆ ಒಂದೆರಡು ಊರಿಗೆ ನಡೆದೇ ಹೋದರು. ಸಂಜೆಯಾಗುವಷ್ಟರಲ್ಲಿ ಎಲ್ಲ ಮಕ್ಕಳಿಗೂ ಸುದ್ದಿ ಮುಟ್ಟಿತು. ಒಬ್ಬ ಹುಡುಗಿ ಅಜ್ಜಿಯ ಮನೆಗೆ ಹೋಗಿದ್ದಳಂತೆ. ಅವಳ ತಂದೆಯನ್ನು ಆ ಕ್ಷಣವೇ ಕರೆತರಲು ಓಡಿಸಿದ್ದರು.

ನಾನು ಫೈಲು ತೆಗೆದು ಆ ರಸೀತಿಯನ್ನು ಮತ್ತೊಮ್ಮೆ ನೋಡಿದೆ: ಓದಲಾಗಿದೆ.

ಮಂಗಳವಾರ ನಾನೇ ಕುಣಿಗಲ್‌ಗೆ ಹೋದೆ. ಪ್ರಯೋಗಶಾಲೆಯಲ್ಲಿ ಮಕ್ಕಳೆಲ್ಲ ತಲೆ ತಗ್ಗಿಸಿಕೊಂಡು ಪ್ರಯೋಗ ಮಾಡುತ್ತಿದ್ದರು. ಕಿಟಕಿಯ ಹೊರಗೆ ನಿಂತು ಎಣಿಸಿದೆ, ಎಲ್ಲರೂ ಇದ್ದರು. ಆಮೇಲೆ ಪ್ರಿನ್ಸಿಪಾಲರ ಕೋಣೆಯಲ್ಲಿದ್ದ ಕಂಪ್ಯೂಟರು ನೋಡಲು ಹೋದೆ. ಅದಕ್ಕೆ ಹೊದಿಸಿದ್ದ ಬಟ್ಟೆ ತೆಗೆದು ನನಗೆ ಕುರ್ಚಿ ಹಾಕಿದವರು ಅಲ್ಲಿನ ಅಟೆಂಡರು. ಐವತ್ತು ದಾಟಿದ ಮನುಷ್ಯ, ತುಂಬ ವಿನಯ.

"ಶುಕ್ರವಾರದ ಮೇಲ್ ಯಾರು ಓದಿದ್ದು?" ಎಂದು ಕೇಳಿದೆ.

"ಯಾವ್ದೂ ಬಾಕಿ ಇಟ್ಟಿಲ್ಲ ಸಾರ್, ದಿನಾ ಬೆಳಿಗ್ಗೆ ನಾನೇ ಎಲ್ಲಾನೂ ತೆಳು ಮಾಡ್ತೀನಿ," ಎಂದರು.

"ತೆಳು ಮಾಡೋದು ಅಂದ್ರೆ?"

"ಬಂದಾಗ ದಪ್ಪ ಅಕ್ಷರ ಇರ್ತದಲ್ವಾ ಸಾರ್. ದಪ್ಪ ಇದ್ರೆ ಬಾಕಿ ಅಂತ ಸಾಹೇಬ್ರು ಬೈತಾರೆ. ಒಂದೊಂದೇ ಒತ್ತುದ್ರೆ ತೆಳ್ಳಗಾಗ್ತವೆ. ಆಮೇಲೆ ಒಂದು ಚೌಕ ಬಂದು ಕೇಳ್ತದೆ. ಎಸ್ ಅಂತೀನಿ."

"ಅದು ಏನು ಕೇಳುತ್ತೆ ಅಂತ ಗೊತ್ತಾ?"

"ಅದೇ ಸಾರ್, ಟಪಾಲು ಬಂದೈತೆ, ಸೈನ್ ಹಾಕು ಅಂತ. ಇಪ್ಪತ್ತೈದು ವರ್ಷದಿಂದ ಈ ಕಾಲೇಜಿಗೆ ಬಂದ ಟಪಾಲಿಗೆಲ್ಲ ಸೈನ್ ಹಾಕೋನು ನಾನೇ. ಓದೋದು ಸಾಹೇಬ್ರು ಕೆಲ್ಸ. ನಾವು ಓದ್ಬೌದಾ?"

ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಮ್ಮ ಕಚೇರಿಗಳಲ್ಲಿ ಸಹಿ ಹಾಕಿ ಇಸಿದುಕೊಳ್ಳುವವನು ಯಾವತ್ತೂ ಓದುವವನಲ್ಲ, ಓದಬೇಕಾದವನು ಯಾವತ್ತೂ ಸಹಿ ಹಾಕುವವನಲ್ಲ. ಇಷ್ಟು ವರ್ಷ ಆ ಗಾಳಿಯಲ್ಲೇ ಉಸಿರಾಡಿಕೊಂಡಿದ್ದ ನನಗೆ ಅದು ಹೊಳೆಯಬೇಡವೆ? ಅಲ್ಲಿಯವರೆಗೆ ಬಂದ ರಸೀತಿಗಳೆಲ್ಲ ಹೀಗೆ ಯಾರೋ ಅಟೆಂಡರು, ಯಾರೋ ಟೈಪಿಸ್ಟು ಒತ್ತಿದವೇ ಇರಬೇಕು ಎಂದು ಆಗ ಅರ್ಥವಾಯಿತು. ಪ್ರಿನ್ಸಿಪಾಲರು ಮೇಲ್‌ಗಳನ್ನು ಪ್ರಿಂಟು ತೆಗೆಸಿ ಶನಿವಾರಕ್ಕೊಮ್ಮೆ ಓದುತ್ತಿದ್ದರಂತೆ. ಆ ಶನಿವಾರ ಮದುವೆ ಇತ್ತು. ಇನ್ನು ಫೋನು ಎಂಗೇಜು ಇದ್ದದ್ದು, ಇಂಟರ್‌ನೆಟ್ಟು ಹಚ್ಚುವುದನ್ನು ಅಟೆಂಡರಿಗೆ ಹೇಳಿಕೊಟ್ಟಿದ್ದ ನಾನು ಆರಿಸುವುದನ್ನು ಹೇಳಿಕೊಟ್ಟಿರಲಿಲ್ಲ, ಅದಕ್ಕೆ.

ವಾಪಸು ಬಂದು ಅಕ್ಕನಿಗೆ ಎಲ್ಲ ಹೇಳಿದೆ. ತೆಳು ಮಾಡುವ ಮಾತಿಗೆ ಅವರು ನಕ್ಕರು, ಆಮೇಲೆ ಗಂಭೀರವಾದರು. "ಇದನ್ನ ಮಂಡಳಿಯೋರಿಗೆ ಹೇಳ್ಬೇಕು ಕಣೋ. ಇಲ್ದಿದ್ರೆ ಮುಂದಿನ ಸಲ ಯಾರು ಬಸ್ ಹತ್ತಿ ಹೋಗ್ತಾರೆ? ನಾನು ಹೇಳುದ್ರೆ ಕುರ್ಚಿ ಉಳ್ಸ್ಕೊಳಕ್ಕೆ ಹೇಳ್ತಾಳೆ ಅಂತಾರೆ. ನೀನೇ ಬರಿ," ಎಂದರು. ಖಂಡಿತ ಬರೀತೀನಿ ಅಕ್ಕ ಎಂದೆ. ಆ ಹೊತ್ತಿನಲ್ಲಿ ಬರೆಯಬೇಕೆಂದೇ ಇತ್ತು. ಅದನ್ನು ಈಗಲೂ ಆಣೆ ಮಾಡಿ ಹೇಳಬಲ್ಲೆ.

ಏಪ್ರಿಲ್‌ನಲ್ಲಿ ಮಂಡಳಿ ಟಿಪ್ಪಣಿ ಕೇಳಿತು. ಬರೆಯಲು ಕೂತೆ. ಕುಣಿಗಲ್‌ನ ಕಥೆ ಬರೆದರೆ ನನ್ನ ಏರ್ಪಾಡು ಸೋತಿತು ಎಂದು ನಾನೇ ಬರೆದುಕೊಟ್ಟ ಹಾಗೆ. ಕಾಯಂ ಆಗುವುದು ಹೋಯಿತು. ಮನೆಯಲ್ಲಿ ಹೆಂಡತಿಗೆ ಆಗಲೇ ಹೇಳಿಯಾಗಿತ್ತು. ಬರೆಯದಿದ್ದರೆ? ಕಡತದಲ್ಲಿ ಇರುವುದೆಲ್ಲ ನನ್ನ ಪರವಾಗಿತ್ತು. ಶುಕ್ರವಾರ ಮೇಲ್ ಹೋಗಿದೆ, ಹದಿನೈದು ನಿಮಿಷಕ್ಕೆ ರಸೀತಿ ಬಂದಿದೆ, ಮಂಗಳವಾರ ಎಲ್ಲ ಮಕ್ಕಳೂ ಪರೀಕ್ಷೆಗೆ ಕೂತಿದ್ದಾರೆ. ನಡುವಿನ ಶನಿವಾರ, ಭಾನುವಾರ ಯಾವ ಕಾಗದದಲ್ಲೂ ಇರಲಿಲ್ಲ. ಅಕ್ಕ ಹೋಗದೆ ಇದ್ದಿದ್ದರೆ ನನ್ನ ಬಂಡವಾಳ ಬಯಲಾಗುತ್ತಿತ್ತು. ಅವರು ಹೋದದ್ದರಿಂದ ನನ್ನ ಇ-ಮೇಲ್ ಗೆದ್ದಿತು.

ನಾನು ಬರೆಯಲಿಲ್ಲ. ಕಳಿಸಿದ ಎಲ್ಲ ಪತ್ರಗಳೂ ತಲುಪಿ ಓದಲ್ಪಟ್ಟಿರುತ್ತವೆ, ಲೋಪ ಕಂಡುಬಂದಿಲ್ಲ ಎಂದು ಬರೆದೆ. ಇನ್ನು ಟಪಾಲಿಗೆಂದೇ ಒಬ್ಬರನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲ ಎಂಬ ಅರ್ಥ ಬರುವ ಒಂದು ಸಾಲಿನಿಂದ ಮುಗಿಸಿದೆ. ಅಕ್ಕನ ಕಣ್ಣಿಗೆ ಬೀಳದಿರಲೆಂದು ಅದನ್ನು ಕವರಿಗೆ ಹಾಕಿ, ಅವರು ಊಟಕ್ಕೆ ಹೋದಾಗ ಕಾರ್ಯದರ್ಶಿಗಳ ಮೇಜಿನ ಮೇಲೆ ನಾನೇ ಇಟ್ಟು ಬಂದೆ. ಹೇಡಿ ಕೆಲಸ. ಬೇರೆ ಹೆಸರು ಅದಕ್ಕೆ ಗೊತ್ತಿಲ್ಲ.

ಜೂನ್‌ನಲ್ಲಿ ನಾನು ಕಾಯಂ ಆದೆ. ಅಕ್ಕನನ್ನು ಕ್ಯಾತ್ಸಂದ್ರದ ಹಾಸ್ಟೆಲಿಗೆ, ಉಗ್ರಾಣ ನೋಡಿಕೊಳ್ಳಲು ಹಾಕಿದರು. ಹೊರಡುವ ದಿನ ಅವರು ಮೇಜು ಒರೆಸಿ, ಗೋಂದಿನ ಬಟ್ಟಲು ತೊಳೆದಿಟ್ಟು, ರಿಜಿಸ್ಟರುಗಳನ್ನು ನನ್ನ ಬೀರುವಿಗೆ ತಾವೇ ಜೋಡಿಸಿದರು. ಕುಣಿಗಲ್‌ನ ಮಾತು ಎತ್ತಲಿಲ್ಲ. ಕೇಳಿದ್ದರೆ ಹೇಳಲು ನಾಲ್ಕು ಸುಳ್ಳು ಹೊಂದಿಸಿಟ್ಟುಕೊಂಡಿದ್ದೆ, ಒಂದೂ ಬೇಕಾಗಲಿಲ್ಲ. "ಫೋನ್ ಮಾಡೋದು ಬುಡ್ಬೇಡ ಕಣೋ, ಮೇಲ್ ಹೋದ್ಮ್ಯಾಲೆ ಒಂದ್ ಫೋನ್ ಮಾಡು," ಎಂದಷ್ಟೇ ಹೇಳಿದರು. ನಾನು ಅದನ್ನು ಇವತ್ತಿನವರೆಗೆ ತಪ್ಪಿಸಿಲ್ಲ. ಎರಡು ಬಸ್ಸು, ಹಾಸ್ಟೆಲಿನ ಮೆಟ್ಟಿಲು, ಮೊಣಕಾಲು, ಇವುಗಳ ಜೊತೆ ಅಕ್ಕ ಒಂದೂವರೆ ವರ್ಷ ಹೆಣಗಿದರು. ಆಮೇಲೆ ರಾಜೀನಾಮೆ ಕೊಟ್ಟು ಮನೆಯಲ್ಲಿ ಉಳಿದರು. ಮಗಳು ಬಿ.ಎಡ್. ಮುಗಿಸಿ ಬೇರೆ ಕಡೆ ಕೆಲಸಕ್ಕೆ ಸೇರಿದಳೆಂದು ಕೇಳಿ ನನಗೆ ಸ್ವಲ್ಪ ಉಸಿರು ಬಂದ ಹಾಗಾಯಿತು.

ಅವರು ತೀರಿಕೊಳ್ಳುವ ಹಿಂದಿನ ವರ್ಷ, ಒಂದು ಭಾನುವಾರ, ಹೆಬ್ಬೂರಿಗೆ ಹೋದೆ. ಇನ್ನು ತಡೆದುಕೊಳ್ಳಲು ಆಗಿರಲಿಲ್ಲ. ಅಕ್ಕ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. "ಏನ್ಲಾ, ದಾರಿ ತಪ್ಪಿ ಬಂದ್ಯಾ?" ಎಂದು ಮಜ್ಜಿಗೆ ತಂದುಕೊಟ್ಟರು. ನಾನೂ ಮುಂದೆ ಕೂತು ಅವರೆಕಾಯಿ ಬಿಡಿಸತೊಡಗಿದೆ. ಅರ್ಧ ಮೊರ ಆಗುವವರೆಗೆ ಅದೂ ಇದೂ ಮಾತಾಡಿದೆವು. ಆಮೇಲೆ ತಲೆ ಎತ್ತದೆ ಹೇಳಿದೆ.

"ಅಕ್ಕ, ಟಿಪ್ಪಣಿಯಲ್ಲಿ ಕುಣಿಗಲ್ ವಿಷಯ ನಾನು ಬರೀಲಿಲ್ಲ."

"ಗೊತ್ತು ಬುಡು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನೀನು ಕವರ್ನಾಗೆ ಹಾಕಿ ಇಟ್ಟಿದ್ದೆ. ನಂಬರ್ ಇಲ್ಲ ಅಂತ ಕಾರ್ಯದರ್ಶಿ ಸಾಹೇಬ್ರು ನನ್ನತ್ರನೇ ಕಳ್ಸಿದ್ರು. ನಂಬರ್ ಹಾಕ್ಬೇಕಾದ್ರೆ ವಿಷ್ಯ ಬರೀಬೇಕಲ್ಲ. ಓದ್ದೆ."

"ನಿಮಗೆ ಅವತ್ತೇ ಗೊತ್ತಿತ್ತಾ? ಹರಿದು ಹಾಕ್ಬೋದಿತ್ತಲ್ಲ ಅಕ್ಕ. ನನ್ನನ್ನ ಕರೆದು ಕೆನ್ನೆಗೆ ಬಾರಿಸ್ಬೋದಿತ್ತಲ್ಲ."

"ಟಪಾಲು ಹರ್ದು ಹಾಕದಾ? ತಲೆ ಕೆಟ್ಟೈತಾ ನಿಂಗೆ?" ಎಂದರು. ಇನ್ನೊಂದು ಕಾಯಿ ಬಿಡಿಸಿ, "ಬೇಜಾರಾಯ್ತು. ಆಗ್ದೆ ಇರ್ತದಾ? ಹಿಂದ್ಗಡೆ ಏನಾರ ಬರ್ದಿದೀಯೇನೋ ಅಂತ ತಿರುಗ್ಸಿ ನೋಡ್ದೆ. ಇರ್ಲಿಲ್ಲ. ಎರಡು ದಿನ ಊಟ ಸೇರ್ಲಿಲ್ಲ. ಆಮೇಲೆ, ನಿಂಗೂ ಸಂಸಾರ ಐತೆ ಅಂದ್ಕಂಡೆ," ಎಂದರು.

ನಾನು ಅತ್ತೆ. ಅವರು ಅಳಲು ಬಿಟ್ಟು, ಮೊರವನ್ನು ತಮ್ಮ ಕಡೆ ಎಳೆದುಕೊಂಡರು.

"ಒಂದ್ ತಪ್ಪಿತ್ತು ಅದ್ರಾಗೆ. ಅದನ್ನ ಮಾತ್ರ ತಿದ್ದಿ ಕಳಿಸ್ದೆ," ಎಂದರು.

"ಏನು ತಪ್ಪು?"

"ಈ ಹುದ್ದೆ ಅನವಶ್ಯಕ ಅಂತ ಬರ್ದಿದ್ದೆ. ಅನಾವಶ್ಯಕ ಕಣೋ. 'ನ'ಗೆ ದೀರ್ಘ ಬೇಕು. ಮಂಡಳಿಯೋರ ಮುಂದಕ್ಕೆ ಹೋಗೋ ಕಾಗ್ದ, ನಿನ್ನ ನೋಡಿ ಯಾರೂ ನಗ್ಬಾರ್ದು ಅಂತ."

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಕಚೇರಿಗೆ ಹೋಗಿ ಬೀರು ತೆಗೆದೆ. ಆ ಕಡತ ಮೂರು ವರ್ಷದಿಂದ ನನ್ನ ಹತ್ತಿರವೇ ಇತ್ತು. ಟಿಪ್ಪಣಿಯ ಕೊನೆಯ ಸಾಲಿನಲ್ಲಿ, 'ನ'ದ ತಲೆಕಟ್ಟಿಗೆ ಬಿಳಿ ಬಣ್ಣ ಹಚ್ಚಿ, ಅದರ ಮೇಲೆ ದೀರ್ಘವನ್ನು ನೀಲಿ ಶಾಯಿಯಲ್ಲಿ ನೀಟಾಗಿ ಎಳೆದಿದ್ದರು. ನಾನು ಅದನ್ನು ನೋಡಿದ್ದು ಅವತ್ತೇ ಮೊದಲು. ಅದರ ಕೆಳಗೆ ಮಂಡಳಿಯ ಒಪ್ಪಿಗೆ. ಒಪ್ಪಿಗೆಯ ಕೆಳಗೆ, ಕಡತ ನನ್ನ ಕೈಗೆ ವಾಪಸು ಬಂದ ದಿನದ ತಾರೀಕು, ನನ್ನ ಸಹಿ. ಸಹಿಯ ಮೇಲೆ ನನ್ನದೇ ಅಕ್ಷರದಲ್ಲಿ ಒಂದು ಪದವಿತ್ತು: ಓದಿದೆ.